ನಾಳೆ ಸಂಜೆ ಎಂದಿದ್ದೆ

ಜಪಾನಿನ ಹೊಕ್ಕೈದೋ ದ್ವೀಪದ ಉತ್ತರ ಭಾಗದ ಒಂದು ಸಣ್ಣ ಊರಿನಲ್ಲಿ ನಾನು ಮೂರು ಚಳಿಗಾಲ ಕಳೆದೆ. ಹೆಪ್ಪುಗಟ್ಟಿದ ನದಿಯ ಮೇಲೆ ನಡೆದುಹೋಗಿ, ಮಂಜುಗಡ್ಡೆಗೆ ತೂತು ಕೊರೆದು, ಅದೆಷ್ಟು ದಪ್ಪವಿದೆ ಎಂದು ಅಳೆಯುವುದು ಅಲ್ಲಿ ನನ್ನ ಕೆಲಸವಾಗಿತ್ತು. ಮೈಸೂರಿನಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಳು. "ಐಸ್ ಅಳೆಯೋಕೆ ಪಿಎಚ್‌ಡಿ ಬೇಕಾಯ್ತೇನೇ?" ಎಂದಳು. ನಾನೂ ನಕ್ಕೆ. ಅದು ಮೊದಲನೆಯ ಚಳಿಗಾಲ.

ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಅಲ್ಲಿಯ ನದಿ ಮೇಲ್ಭಾಗದಲ್ಲಷ್ಟೇ ಹೆಪ್ಪುಗಟ್ಟುತ್ತದೆ, ಅಡಿಯಲ್ಲಿ ನೀರು ಹರಿಯುತ್ತಲೇ ಇರುತ್ತದೆ. ಮಾರ್ಚ್ ಹೊತ್ತಿಗೆ ಬೆಚ್ಚಗಿನ ಗಾಳಿ ಬೀಸಿ ಮಳೆಯೂ ಬಿದ್ದರೆ ಬೆಟ್ಟದ ಹಿಮ ಕರಗಿ ನೀರು ಏರುತ್ತದೆ. ಏರಿದ ನೀರು ಮಂಜುಗಡ್ಡೆಯನ್ನು ಅಡಿಯಿಂದ ಎತ್ತಿ ಒಡೆಯುತ್ತದೆ. ಬಾಗಿಲಿನಷ್ಟು, ಕೆಲವು ಸಲ ಕಾರಿನಷ್ಟು ದೊಡ್ಡ ಚಪ್ಪಡಿಗಳು ತೇಲಿ ಬಂದು ಸೇತುವೆಯ ಕಂಬಗಳಿಗೆ ಸಿಕ್ಕಿಕೊಂಡು, ಒಂದರ ಮೇಲೊಂದು ಹತ್ತಿ, ನೋಡನೋಡುತ್ತಲೇ ಅಣೆಕಟ್ಟಾಗಿಬಿಡುತ್ತವೆ. ಆಗ ಹಿಂದೆ ನಿಂತ ನೀರು ಆಳೆತ್ತರ ಏರುವುದಕ್ಕೆ ಒಂದು ಗಂಟೆಯೂ ಬೇಡ.

ಹಾಗಾಗದಂತೆ ನೋಡಿಕೊಳ್ಳಲು ಪ್ರತಿವರ್ಷ ಫೆಬ್ರವರಿ ಕೊನೆಯಲ್ಲಿ ಉದ್ದ ತೋಳಿನ ಜೆಸಿಬಿಗಳನ್ನು ತಂದು ಸೇತುವೆಯ ಕೆಳಗಿನಿಂದ ಶುರುಮಾಡಿ ನದಿ ಹರಿದುಬರುವ ದಿಕ್ಕಿನತ್ತ ಮಂಜುಗಡ್ಡೆ ಒಡೆಯುತ್ತಿದ್ದರು. ಒಡೆದ ಚೂರುಗಳು ಆಗಿಂದಾಗಲೇ ತೇಲಿಹೋಗಿ ನದಿಯ ನಡುವೆ ಕಾಲುವೆಯಂಥ ದಾರಿ ತೆರೆದುಕೊಳ್ಳುತ್ತಿತ್ತು. ಎಲ್ಲಿ, ಯಾವಾಗ ಒಡೆಯಬೇಕು, ನದಿ ತಾನಾಗಿ ಯಾವಾಗ ಒಡೆದೀತು ಎಂದು ಲೆಕ್ಕ ಹಾಕಿ ಹೇಳುವುದು ನಮ್ಮ ಸಂಶೋಧನಾ ತಂಡದ ಪಾಲಿನದು. ತಂಡ ಸಪ್ಪೊರೊದಲ್ಲಿತ್ತು. ಊರಿನ ಹೊರಗಿದ್ದ ಎರಡು ಕೋಣೆಯ ಕೇಂದ್ರದಲ್ಲಿ ಚಳಿಗಾಲವಿಡೀ ಉಳಿಯುತ್ತಿದ್ದವಳು ನಾನು.

ನನ್ನ ಗಂಡ ಮತ್ತು ಏಳು ವರ್ಷದ ಮಗಳು ದೂರದ ಕಾವಾಸಾಕಿ ನಗರದಲ್ಲಿದ್ದರು. ಗಂಡನನ್ನು ಬೆಂಗಳೂರಿನ ಕಂಪನಿ ಅಲ್ಲಿಗೆ ಕಳಿಸಿತ್ತು. ನಾನು ಫುಕುವೋಕಾದಲ್ಲಿ ನದಿಗಳ ಮೇಲೆ ಡಾಕ್ಟರೇಟ್ ಮುಗಿಸಿದ್ದೆ. ನಾನು ಕಲಿತ ಕೆಲಸ ಸಿಕ್ಕಿದ್ದು ಉತ್ತರದ ಈ ತುದಿಯಲ್ಲಿ ಮಾತ್ರ. ತಿಂಗಳಿಗೊಮ್ಮೆ ವಿಮಾನದಲ್ಲಿ ಹೋಗಿಬಂದರಾಯಿತು, ಎರಡು ಮೂರು ವರ್ಷ ತಾನೇ ಎಂದುಕೊಂಡಿದ್ದೆವು. ಮೊದಲ ಚಳಿಗಾಲ ಮುಗಿಯುವಷ್ಟರಲ್ಲಿ ಕೊರೊನಾ ಬಂತು. ಊರಿಂದೂರಿಗೆ ಓಡಾಡಬೇಡಿ ಎಂದರು. ಆಮೇಲೆ ತಿಂಗಳುಗಟ್ಟಲೆ ಮಗಳು ನನಗೆ ಫೋನಿನ ಪರದೆಯಲ್ಲಿ ಮಾತ್ರ ಸಿಕ್ಕಳು.

ನಾನು ಅಳತೆ ಮಾಡುತ್ತಿದ್ದ ಜಾಗಕ್ಕೆ ಇಳಿಯಬೇಕಾದರೆ ಒಂದು ಮನೆಯ ಅಂಗಳ ದಾಟಬೇಕಿತ್ತು. ನದಿ ತಿರುಗುವಲ್ಲಿ, ತಗ್ಗಿನಲ್ಲಿ, ಹಳೆಯ ಏರಿಯ ಬುಡದಲ್ಲಿದ್ದ ಒಂಟಿ ಮನೆ ಅದು. ಅಲ್ಲಿ ಒಬ್ಬ ಅಜ್ಜ, ಒಬ್ಬ ಅಜ್ಜಿ ಇದ್ದರು. ಅಜ್ಜ ಮೊದಲು ಹಸು ಸಾಕಿ ಹಾಲು ಮಾರುತ್ತಿದ್ದವನು. ಎಂಬತ್ತು ದಾಟಿತ್ತು, ಆದರೂ ಬೆನ್ನು ಬಾಗಿರಲಿಲ್ಲ. ಜಪಾನಿ ಭಾಷೆಯಲ್ಲಿ ನಮ್ಮ ದೇಶಕ್ಕೆ ಇಂಡೋ ಎನ್ನುವುದರಿಂದ ನನ್ನನ್ನು ಇಂಡೋ-ಸಾನ್ ಎಂದೇ ಕರೆಯುತ್ತಿದ್ದ. ನಾನು ಅವನನ್ನು ಅಜ್ಜ ಎಂಬರ್ಥದಲ್ಲಿ ಓಜೀಸಾನ್ ಎನ್ನುತ್ತಿದ್ದೆ. ಅಜ್ಜಿಗೆ ಮರೆವು. ಪ್ರತಿಸಲ ನಾನು ಹೋದಾಗಲೂ ನನ್ನ ಕೈ ಹಿಡಿದು, "ಅಯ್ಯೋ, ಎಷ್ಟು ತಣ್ಣಗಿದೆ, ಎಲ್ಲಿಂದ ಬಂದೆಯಮ್ಮ?" ಎಂದು ಹೊಸದಾಗಿ ಕೇಳುತ್ತಿದ್ದಳು. ಗಂಡ ಕಣ್ಣಿಗೆ ಕಾಣುವಷ್ಟು ದೂರದಲ್ಲಿದ್ದರೆ ನೆಮ್ಮದಿಯಾಗಿರುತ್ತಿದ್ದಳು. ಅವನು ಕೊಟ್ಟಿಗೆಯ ಹಿಂದೆ ಮರೆಯಾದರೆ ಸಾಕು, ಬಾಗಿಲಿಗೆ ಬಂದು ಕೂಗುತ್ತಿದ್ದಳು.

ಅಜ್ಜನಿಗೆ ಮಂಜುಗಡ್ಡೆಯ ವಿಷಯ ನನಗಿಂತ ಚೆನ್ನಾಗಿ ಗೊತ್ತಿತ್ತು. ದಪ್ಪ ಎಷ್ಟು ಎಂದು ಅವನು ಕೇಳುತ್ತಿರಲಿಲ್ಲ. ದಡದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ. ಚಳಿ ಬಿಗಿಯಾಗಿದ್ದರೆ ಗಡ್ಡೆ ತಂತಿ ಎಳೆದ ಹಾಗೆ ಸದ್ದು ಮಾಡುತ್ತದೆ, ಅಡಿಯಲ್ಲಿ ನೀರು ಸವೆಸುತ್ತಿದ್ದರೆ ಯಾರೋ ಹೊಟ್ಟೆಯೊಳಗೆ ಗೊಣಗಿದ ಹಾಗಿರುತ್ತದೆ ಎನ್ನುತ್ತಿದ್ದ. ನಾನು ಎಷ್ಟು ಕಿವಿಗೊಟ್ಟರೂ ನನಗೆ ಅದು ಗೊತ್ತಾಗಲಿಲ್ಲ.

ಎರಡನೆಯ ಚಳಿಗಾಲಕ್ಕೆ ಸಪ್ಪೊರೊದಿಂದ ಯಾರೂ ಬರುವ ಹಾಗಿರಲಿಲ್ಲ. ಸೋಂಕು ಹೆಚ್ಚಿತ್ತು. ಊರಿನವರಿಗೂ ಹೊರಗಿನವರು ಬರುವುದು ಬೇಡವಾಗಿತ್ತು. ಪ್ರೊಫೆಸರ್ ಪರದೆಯಲ್ಲಿ ತಲೆ ಬಗ್ಗಿಸಿ ಕ್ಷಮೆ ಕೇಳಿದರು. "ಆದಷ್ಟು ಮಾಡಿ. ಆದರೆ ಒಬ್ಬರೇ ಗಡ್ಡೆಯ ಮೇಲೆ ಕಾಲಿಡಬೇಡಿ" ಎಂದರು. ನನ್ನಿಂದ ಅದನ್ನು ಕೇಳಿದ ಅಜ್ಜ ಕೊಟ್ಟಿಗೆಯಿಂದ ಹಸು ಕಟ್ಟುವ ಹಗ್ಗ ತಂದು ನನ್ನ ಸೊಂಟಕ್ಕೆ ಬಿಗಿದ. ಇನ್ನೊಂದು ತುದಿಯನ್ನು ತನ್ನ ಕೈಗೆ ಸುತ್ತಿಕೊಂಡು, "ಹೋಗು, ನಾನಿದ್ದೀನಿ" ಎಂದ. ಕಿಟಕಿಯ ಹಿಂದೆ ಅಜ್ಜಿ ಕೂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು.

ಹಗ್ಗ ಇದ್ದಷ್ಟು ದೂರ ಮಾತ್ರ ಹೋಗಬಹುದಿತ್ತು. ಹಿಂದಿನ ವರ್ಷ ನಾಲ್ಕು ಜನ ಸೇರಿ ದಡದಿಂದ ದಡಕ್ಕೆ ಹನ್ನೊಂದು ತೂತು ಕೊರೆದಿದ್ದೆವು. ಈ ವರ್ಷ ಮೂರು, ಅವೂ ದಡದ ಹತ್ತಿರ. ದಡದ ಬಳಿ ನೀರು ನಿಧಾನ, ಅಲ್ಲಿ ಗಡ್ಡೆ ಯಾವಾಗಲೂ ದಪ್ಪ. ನದಿಯ ನಡುವೆ ಸೆಳೆತ ಹೆಚ್ಚು, ಅಲ್ಲಿ ತೆಳು. ನಡುವಿನ ಅಂಕಿಗಳು ನನ್ನ ಬಳಿ ಇರಲಿಲ್ಲ. ಹಿಂದಿನ ವರ್ಷದವನ್ನು ನೋಡಿ ಅಂದಾಜಿನಲ್ಲಿ ತುಂಬಿದೆ. ಅದನ್ನು ಪ್ರೊಫೆಸರಿಗೆ ತಿಳಿಸಿದ್ದೆ. ಅವರೂ ಸರಿ ಎಂದಿದ್ದರು. ಬೇರೆ ದಾರಿ ಇರಲಿಲ್ಲ.

ಫೆಬ್ರವರಿ ಕೊನೆಯಲ್ಲಿ ಜೆಸಿಬಿ ನಡೆಸುವವರಲ್ಲಿ ಒಬ್ಬನಿಗೆ ಜ್ವರ ಬಂತು. ಅವರೆಲ್ಲ ಒಂದೇ ಕೋಣೆಯಲ್ಲಿ ಊಟ ಮಾಡುತ್ತಿದ್ದವರು. ಇಡೀ ಗುಂಪು ಎರಡು ವಾರ ಮನೆಯಲ್ಲಿರಬೇಕಾಯಿತು. ಪಕ್ಕದ ಜಿಲ್ಲೆಯಿಂದ ಬೇರೆಯವರನ್ನು ಕರೆಸಿ ಎಂದು ಪುರಸಭೆಯ ಅಧಿಕಾರಿಗೆ ಮೂರು ಸಲ ಬರೆದೆ. ಅವರಿಗೂ ಅವರ ನದಿಗಳಿದ್ದವು. ಕಾಲುವೆ ಒಡೆಯುವ ಕೆಲಸ ಮುಂದಕ್ಕೆ ಹೋಯಿತು.

ಕೈಕಟ್ಟಿ ಕೂರಲಾಗದೆ ನಾನೂ ಅಜ್ಜನೂ ಇನ್ನೊಂದು ಕೆಲಸ ಮಾಡಿದೆವು. ಆ ಕಡೆಯ ರೈತರು ಹೊಲದ ಹಿಮ ಬೇಗ ಕರಗಲೆಂದು ಕಪ್ಪು ಇದ್ದಿಲ ಪುಡಿ ಎರಚುತ್ತಾರೆ. ಕಪ್ಪಾದ ಜಾಗ ಬಿಸಿಲನ್ನು ಹೀರಿ ಬೇಗ ಕರಗುತ್ತದೆ. ಅಜ್ಜನ ಕೊಟ್ಟಿಗೆಯಲ್ಲಿ ಹಳೆಯ ಪುಡಿಯ ಚೀಲಗಳಿದ್ದವು. ಅವನ್ನು ಜಾರುಬಂಡಿಯ ಮೇಲೆ ಹೇರಿಕೊಂಡು ಎರಡು ದಿನ, ಬೆಳಗಿನಿಂದ ಹೊತ್ತು ಇಳಿಯುವವರೆಗೆ, ಸೇತುವೆಗಿಂತ ಮೇಲಕ್ಕಿರುವ ನದಿಯ ಗಡ್ಡೆಯ ಮೇಲೆ ಹಗ್ಗ ಎಟುಕುವಷ್ಟು ದೂರ ಎರಚಿದೆವು. ನಮ್ಮ ಮುಖ, ಮಾಸ್ಕು, ಕೈಗವಸು ಎಲ್ಲ ಕಪ್ಪು. ಅಜ್ಜಿ ನಮ್ಮನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವಳು ಅಷ್ಟು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮೂರನೆಯ ಬೆಳಿಗ್ಗೆ ಎದ್ದು ನೋಡಿದರೆ ಮೊಣಕಾಲುದ್ದ ಹೊಸ ಹಿಮ ಬಿದ್ದಿತ್ತು. ನದಿ ಈ ದಡದಿಂದ ಆ ದಡದವರೆಗೆ ಬೆಳ್ಳಗಿತ್ತು. ಎರಚಿದ ಪುಡಿಯ ಗುರುತೂ ಇರಲಿಲ್ಲ. ಅಜ್ಜ ಜಾರುಬಂಡಿಯನ್ನು ಕೊಟ್ಟಿಗೆಗೆ ಎಳೆದುಕೊಂಡು ಹೋದ.

ಅದಾದ ವಾರದೊಳಗೆ ಹವಾಮಾನದವರು ದಕ್ಷಿಣದ ಗಾಳಿ, ಮಳೆ ಎಂದರು. ಮಧ್ಯಾಹ್ನ ಆನ್‌ಲೈನ್ ಸಭೆ ಕೂಡಿತು. ಪುರಸಭೆಯ ಅಧಿಕಾರಿ, ಪ್ರೊಫೆಸರ್, ನಾನು. ಅಧಿಕಾರಿ ದಣಿದಿದ್ದ.

"ನಮಗೆ ಬೇಕಾದ್ದು ಒಂದೇ. ನದಿ ಯಾವಾಗ ಒಡೆಯುತ್ತೆ?" ಎಂದು ಕೇಳಿದ.

ನನ್ನ ಕಂಪ್ಯೂಟರಿನ ಲೆಕ್ಕ ಮರುದಿನ ಸಂಜೆ ಎನ್ನುತ್ತಿತ್ತು. ಅದನ್ನು ಹೇಳಿದೆ.

"ಸಂಜೆ ಎಂದು ಹೇಳಬಹುದೇ?" ಎಂದು ಪ್ರೊಫೆಸರ್ ಕೇಳಿದರು. ಅವರ ದನಿಯಲ್ಲಿ ಅನುಮಾನವಿತ್ತೋ, ಹಿಂದೆ ಸರಿಯಲು ನನಗೊಂದು ಅವಕಾಶ ಕೊಡುತ್ತಿದ್ದರೋ, ಈಗಲೂ ಯೋಚಿಸುತ್ತೇನೆ. ನನ್ನ ಮೂರೂ ತೂತು ದಡದಲ್ಲಿದ್ದವು. ನಡುವಿನದೆಲ್ಲ ಊಹೆ. ಅದು ನನಗೆ ಆ ಕ್ಷಣದಲ್ಲಿ ಚೆನ್ನಾಗಿ ನೆನಪಿತ್ತು. ಆದರೂ "ಹೇಳಬಹುದು" ಎಂದೆ. ಗೊತ್ತಿಲ್ಲ ಎನ್ನುವುದಕ್ಕೆ ನನಗೆ ನಾಚಿಕೆಯಾಯಿತು. ಇಡೀ ಚಳಿಗಾಲ ಅಲ್ಲಿ ಕೂತು ಗೊತ್ತಿಲ್ಲ ಎಂದರೆ ನಾನು ಯಾಕಿದ್ದೇನೆ ಅನ್ನಿಸಿತು.

ಅಧಿಕಾರಿ ಬರೆದುಕೊಂಡ. "ಹಾಗಾದ್ರೆ ನಾಳೆ ಮಧ್ಯಾಹ್ನ ಜನರನ್ನು ಮನೆಗಳಿಂದ ಹೊರಡಿಸ್ತೀವಿ. ಶಾಲೆಯ ಜಿಮ್ ಹಾಲಿನಲ್ಲಿ ಈ ವರ್ಷ ದೂರದೂರ ಮಲಗಿಸಬೇಕು, ಮೊದಲಿನ ಅರ್ಧ ಜನಕ್ಕೂ ಜಾಗ ಇಲ್ಲ. ರಾತ್ರಿಯಿಡೀ ಸುಮ್ನೆ ಕೂರಿಸೋಕಾಗಲ್ಲ" ಎಂದ. ಅವನದ್ದೂ ತಪ್ಪಿರಲಿಲ್ಲ.

ಸಭೆ ಮುಗಿಸಿ ನಾನು ಅಜ್ಜನ ಮನೆಗೆ ಹೋದೆ. ಅವನು ದಡದಲ್ಲಿ ನಿಂತಿದ್ದ.

"ಇಂಡೋ-ಸಾನ್, ಸದ್ದು ಬದಲಾಗಿದೆ" ಎಂದ. "ನಿನ್ನೆಯಿಂದ ಗೊಣಗ್ತಾ ಇದೆ. ಇವಳನ್ನು ಇವತ್ತೇ ಮೇಲಕ್ಕೆ ಕರೆದುಕೊಂಡು ಹೋಗಿಬಿಡಲಾ ಅಂತ ಯೋಚಿಸ್ತಿದ್ದೆ. ಹೊಸ ಜಾಗಕ್ಕೆ ಹೋದರೆ ಇವಳು ರಾತ್ರಿಯಿಡೀ ಅಳ್ತಾಳೆ. ನಿನ್ನ ಲೆಕ್ಕ ಏನು ಹೇಳುತ್ತೆ?"

"ನಾಳೆ ಸಂಜೆ, ಓಜೀಸಾನ್."

"ಖಂಡಿತಾನಾ?"

"ಹೌದು. ನಾಳೆ ಬೆಳಿಗ್ಗೆ ನಾನೇ ಬಂದು ಇಬ್ಬರನ್ನೂ ಕಾರಿನಲ್ಲಿ ಕರೆದುಕೊಂಡು ಹೋಗ್ತೀನಿ."

ಅವನು ನನ್ನ ಮುಖವನ್ನು ನೋಡಿದ. ಮಾಸ್ಕಿನ ಮೇಲೆ ಕಾಣುತ್ತಿದ್ದದ್ದು ಕಣ್ಣು ಮಾತ್ರ. "ಹಾಗಾದ್ರೆ ಇವತ್ತೊಂದಿನ ಅವಳು ಅವಳ ಹಾಸಿಗೆಯಲ್ಲೇ ಮಲಗಲಿ" ಎಂದ.

ಬೆಳಿಗ್ಗೆ ಆರಕ್ಕೆ ಎದ್ದಾಗ ಮಳೆ ಹಿಡಿದಿತ್ತು. ಹೊರಗೆ ಕಾಲಿಟ್ಟರೆ ಗಾಳಿ ಬೆಚ್ಚಗಿತ್ತು, ಮೈಸೂರಿನ ಡಿಸೆಂಬರ್ ಬೆಳಗಿನ ಹಾಗೆ. ನೀರಿನ ಮಟ್ಟ ನೋಡೋಣವೆಂದು ಮೊದಲು ಸೇತುವೆಗೆ ಹೋದೆ. ಅದೂ ಒಂದು ತಪ್ಪೇ. ನೇರವಾಗಿ ಅವರ ಮನೆಗೆ ಹೋಗಬೇಕಿತ್ತು. ಸೇತುವೆಯ ಮೇಲೆ ನಿಂತು ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದಾಗ ಮೇಲಿನ ತಿರುವಿನಿಂದ ಒಂದು ಸದ್ದು ಬಂತು. ದೊಡ್ಡ ಲಾರಿಯಿಂದ ಜಲ್ಲಿ ಸುರಿದ ಹಾಗೆ, ಆದರೆ ನಿಲ್ಲದೆ. ಗಂಟೆ ಏಳೂವರೆಯಾಗಿತ್ತು. ನದಿಯ ನಡುವೆ ಉದ್ದಕ್ಕೆ ಒಂದು ಕಪ್ಪು ಗೆರೆ ಓಡಿತು. ಇಡೀ ಬಿಳಿ ನೆಲ ಅಲುಗಿ, ಮುರಿದು, ಚಪ್ಪಡಿಗಳು ನಿಂತವು, ಮಗುಚಿದವು, ಒಂದನ್ನೊಂದು ತಳ್ಳಿಕೊಂಡು ನನ್ನ ಕಾಲಡಿಯ ಕಂಬಗಳಿಗೆ ಬಂದು ಬಡಿದವು. ಸೇತುವೆ ನಡುಗಿತು.

ನಾನು ಅಧಿಕಾರಿಗೆ ಫೋನ್ ಮಾಡುತ್ತಲೇ ಕಾರಿಗೆ ಓಡಿದೆ. ಅಜ್ಜನ ಮನೆಗೆ ಹೋಗುವ ರಸ್ತೆ ಏರಿಯನ್ನು ದಾಟಿ ತಗ್ಗಿಗೆ ಇಳಿಯುತ್ತದೆ. ಏರಿಯ ಮೇಲೆ ಬಂದು ನಿಂತಾಗ ಕೆಳಗೆ ರಸ್ತೆಯೇ ಇರಲಿಲ್ಲ. ಮಂಜಿನ ಚೂರು ಬೆರೆತ ಬೂದು ನೀರು ಅಂಗಳ ತುಂಬಿ, ಕೊಟ್ಟಿಗೆಯ ಬಾಗಿಲನ್ನು ಕಿತ್ತು ತೇಲಿಸುತ್ತಿತ್ತು. ಅಜ್ಜ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತು ಸೊಂಟದುದ್ದ ನೀರಿನಲ್ಲಿ ಏರಿಯ ಕಡೆಗೆ ಬರುತ್ತಿದ್ದ. ನಾನು ಇಳಿಯಲು ಹೋದೆ. ಎರಡು ಹೆಜ್ಜೆ ಇಡುವಷ್ಟರಲ್ಲಿ ಒಂದು ಚಪ್ಪಡಿ ಮೊಣಕಾಲಿಗೆ ಬಡಿದು ಬಿದ್ದೆ. ಹಿಂದೆಯೇ ಬಂದ ಅಗ್ನಿಶಾಮಕದವನೊಬ್ಬ ನನ್ನನ್ನು ಎಳೆದು ದಡಕ್ಕೆ ಹಾಕಿದ. ಅವರೇ ಹಗ್ಗ ಎಸೆದು ಇಬ್ಬರನ್ನೂ ಮೇಲೆ ತಂದರು. ಅಜ್ಜಿಯ ತುಟಿ ನೀಲಿಯಾಗಿತ್ತು. ಎದೆಯವರೆಗೆ ನೆಂದಿದ್ದಳು. ನನ್ನನ್ನು ನೋಡಿ ಏನೋ ಹೇಳಲು ಹೋದಳು, ಹಲ್ಲು ಕಟಕಟಿಸಿ ಮಾತು ಹೊರಡಲಿಲ್ಲ.

ಎರಡು ಗಂಟೆಯೊಳಗೆ ಸೇತುವೆಗೆ ಕಟ್ಟಿಕೊಂಡಿದ್ದ ಮಂಜಿನ ಅಣೆಕಟ್ಟು ತಾನಾಗಿ ಬಿಟ್ಟುಕೊಂಡು ನೀರು ಸರ್ರನೆ ಇಳಿದುಹೋಯಿತು. ಅಂಗಳದ ತುಂಬ ಕಾರಿನಷ್ಟು ದೊಡ್ಡ ಚಪ್ಪಡಿಗಳು ಉಳಿದವು. ಇನ್ನಾರು ಮನೆಗಳಿಗೆ ನೀರು ನುಗ್ಗಿತ್ತು. ಆದರೆ ಅವರೆಲ್ಲ ಗಟ್ಟಿಮುಟ್ಟಾಗಿದ್ದವರು, ಓಡಿ ಬಚಾವಾಗಿದ್ದರು.

ಶಾಲೆಯ ಜಿಮ್‌ನ ಬಾಗಿಲಲ್ಲಿ ಎಲ್ಲರ ಹಣೆಗೂ ಥರ್ಮಾಮೀಟರ್ ಹಿಡಿಯುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅಜ್ಜಿಗೆ ಜ್ವರ ಬಂತು. ಜ್ವರ ಬಂದವರನ್ನು ಒಳಗಿಡುವ ಹಾಗಿಲ್ಲ. ಮೈತುಂಬ ಬಿಳಿ ಉಡುಪು ಹಾಕಿಕೊಂಡ ಇಬ್ಬರು ಬಂದು ಆಂಬುಲೆನ್ಸಿಗೆ ಹತ್ತಿಸಿದರು. ಅಜ್ಜ ಜೊತೆಗೆ ಹತ್ತಲು ಹೋದ.

"ಸುಮಿಮಾಸೆನ್, ಕ್ಷಮಿಸಿ, ಮನೆಯವರು ಬರೋ ಹಾಗಿಲ್ಲ" ಎಂದರು.

"ನಾನಿಲ್ಲದೆ ಅವಳು ಇರಲ್ಲ. ಅವಳಿಗೆ ಮರೆವು. ನಾನೇ ಹೇಳಬೇಕು ಎಲ್ಲ" ಎಂದ ಅಜ್ಜ.

ಅವರು ಮತ್ತೆ ತಲೆ ಬಗ್ಗಿಸಿದರು. ಬಾಗಿಲು ಮುಚ್ಚಿತು. ಒಳಗಿನಿಂದ ಅಜ್ಜಿ ಅವನನ್ನು ಕೂಗುತ್ತಿದ್ದದ್ದು ಆಂಬುಲೆನ್ಸು ಶಾಲೆಯ ಗೇಟು ದಾಟುವವರೆಗೂ ಕೇಳಿಸಿತು. ಅಜ್ಜ ಬೇರೆ ಯಾರದೋ ಪ್ಯಾಂಟು ಹಾಕಿಕೊಂಡು, ಬರಿಗಾಲಿಗೆ ಶಾಲೆಯ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದ.

ಅವಳಿಗೆ ಕೊರೊನಾ ಇರಲಿಲ್ಲ. ಪರೀಕ್ಷೆಯಲ್ಲಿ ಅದು ಮರುದಿನವೇ ಗೊತ್ತಾಯಿತು. ಇದ್ದದ್ದು ನ್ಯುಮೋನಿಯಾ. ಆದರೂ ಆಸ್ಪತ್ರೆಗೆ ಹೊರಗಿನವರನ್ನು ಬಿಡುತ್ತಿರಲಿಲ್ಲ, ಆಗ ಎಲ್ಲ ಆಸ್ಪತ್ರೆಗಳಲ್ಲೂ ಹಾಗೇ. ನರ್ಸೊಬ್ಬಳು ದಿನಕ್ಕೊಮ್ಮೆ ಟ್ಯಾಬ್ಲೆಟ್ ಹಿಡಿದು ವಿಡಿಯೋ ಮಾಡುತ್ತಿದ್ದಳು. ಅಜ್ಜನ ಬಳಿ ಅಂಥ ಫೋನ್ ಇರಲಿಲ್ಲ. ನನ್ನ ಫೋನ್ ತೆಗೆದುಕೊಂಡು ನಾನು ಹೋಗುತ್ತಿದ್ದೆ. ಹೋಗಿ ಅವನ ಪಕ್ಕದಲ್ಲಿ ಅದನ್ನು ಹಿಡಿದು ನಿಲ್ಲುವುದು, ನನ್ನಿಂದ ಆಗುತ್ತಿದ್ದದ್ದು ಅಷ್ಟೇ. ಅಜ್ಜ ಮಾಸ್ಕ್ ತೆಗೆದು ಪರದೆಗೆ ಮುಖ ಹತ್ತಿರ ತಂದು, "ನಾನು ಕಣೇ, ಇಲ್ಲೇ ಇದ್ದೀನಿ" ಎನ್ನುತ್ತಿದ್ದ. ಅವಳು ಪರದೆಯನ್ನು ನೋಡುತ್ತಲೇ ಇರಲಿಲ್ಲ. ದನಿ ಎಲ್ಲಿಂದ ಬಂತೆಂದು ಬಾಗಿಲಿನ ಕಡೆ ನೋಡುತ್ತಿದ್ದಳು. ಹನ್ನೊಂದನೆಯ ದಿನ ಬೆಳಿಗ್ಗೆ ಹೋಗಿಬಿಟ್ಟಳು.

ಅಂದು ಗಂಡನಿಗೆ ಫೋನ್ ಮಾಡಿದೆ.

"ನಿನ್ನ ಫಾಲ್ಟ್ ಅಲ್ಲ ಕಣೇ" ಎಂದ. "ಡೇಟಾನೇ ಇರ್ಲಿಲ್ಲ ನಿನ್ ಹತ್ರ. ಟೀಮ್ ಇರ್ಲಿಲ್ಲ. ಒಬ್ಳೇ ಏನ್ ಮಾಡೋಕಾಗತ್ತೆ?"

"ಡೇಟಾ ಇಲ್ಲ ಅಂತ ಗೊತ್ತಿದ್ದೂ ಹೇಳಿದ್ನಲ್ಲ."

ಅವನು "ಬಂದ್ಬಿಡು ಇಲ್ಲಿಗೆ" ಎಂದ. ಹಿಂದಿನಿಂದ ಮಗಳು, "ಅಮ್ಮ, ವೆನ್ ಆರ್ ಯು ಕಮಿಂಗ್?" ಎಂದು ಕೇಳಿದಳು. ಬರ್ತೀನಿ ಪುಟ್ಟ ಎಂದೆ. ಯಾವಾಗ ಎಂದು ಮತ್ತೆ ಕೇಳಿದಳು. ನನಗೆ ಹೊತ್ತು ಹೇಳಲು ಬಾಯಿ ಬರಲಿಲ್ಲ.

ಏಪ್ರಿಲ್‌ನಲ್ಲಿ ಅಜ್ಜ ಮನೆಯೊಳಗಿನ ಕೆಸರು ಎತ್ತಿಹಾಕುತ್ತಿದ್ದ. ದಿನಾ ಮಧ್ಯಾಹ್ನ ಹೋಗಿ ಗುದ್ದಲಿ ಹಿಡಿಯುತ್ತಿದ್ದೆ. ಬೇಡ ಎಂದು ಅವನು ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ಒಂದು ದಿನ ಕೊಂಬಿನಿ ಎನ್ನುವ ಸಣ್ಣ ಅಂಗಡಿಯಿಂದ ಅನ್ನದುಂಡೆ ತಂದು ಮೆಟ್ಟಿಲ ಮೇಲೆ ದೂರದೂರ ಕೂತು ತಿನ್ನುತ್ತಿದ್ದೆವು. ಅಷ್ಟು ದಿನದಿಂದ ಬಾಯಲ್ಲಿ ಹಿಡಿದುಕೊಂಡಿದ್ದ ಕ್ಷಮೆಯ ಮಾತನ್ನು ಹೇಳಿದೆ. ಅವನು ತಿನ್ನುವುದನ್ನು ಮುಗಿಸಿ ಕೈ ಒರೆಸಿಕೊಂಡ.

"ಇಂಡೋ-ಸಾನ್, ನದಿ ಬೆಳಿಗ್ಗೆ ಒಡೆದದ್ದಕ್ಕೆ ನಿನ್ನ ಮೇಲೆ ಬೇಜಾರಿಲ್ಲ. ಅದು ಅದರ ಇಷ್ಟ. ಆದರೆ ಆವತ್ತು ಕೇಳಿದಾಗ ಗೊತ್ತಿಲ್ಲ ಅಂದಿದ್ದರೆ, ನಾನು ನನ್ನ ಕಿವಿಯನ್ನೇ ನಂಬ್ತಿದ್ದೆ. ಅವಳನ್ನು ಆಗಲೇ ಕರೆದುಕೊಂಡು ಹೋಗ್ತಿದ್ದೆ."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಗುದ್ದಲಿ ಎಲ್ಲಿಟ್ಟೆ ಎಂದು ಕೇಳುವಷ್ಟೇ ಸಾಧಾರಣವಾಗಿ ಹೇಳಿದ. ಆಮೇಲೆ ಎದ್ದು ಕೆಲಸಕ್ಕೆ ಹೋದ. ನಾನೂ ಹೋದೆ. ಅಂದು ಸಂಜೆಯವರೆಗೆ ಇಬ್ಬರೂ ಕೆಸರು ಎತ್ತಿದೆವು.

ಆ ವರ್ಷ ಒಂದು ವರದಿ ತಯಾರಾಯಿತು. ನನ್ನ ಮುನ್ಸೂಚನೆ ಸಾಮಾನ್ಯವಾಗಿ ಆಗಬಹುದಾದ ತಪ್ಪಿನ ಮಿತಿಯೊಳಗೇ ಇತ್ತು ಎಂದು ಅದರಲ್ಲಿ ಬರೆದರು. ಆ ವಾಕ್ಯದ ಕರಡನ್ನು ತಯಾರಿಸಿದವಳು ನಾನೇ. ಅಜ್ಜಿಯ ಸಾವು ಅದರಲ್ಲಿ ಬರಲಿಲ್ಲ. ಅವಳು ನೀರಿನಿಂದ ಸತ್ತವಳಲ್ಲ, ಕಾಯಿಲೆಯಿಂದ ಸತ್ತವಳು ಎಂದಾಯಿತು. ಮುನ್ಸೂಚನೆಯ ನಮೂನೆಯಲ್ಲಿ ಗಂಟೆ ಬರೆಯುವ ಖಾನೆಯ ಪಕ್ಕದಲ್ಲಿ ‘ತಿಳಿದಿಲ್ಲ’ ಎಂದು ಬರೆಯಲು ಇನ್ನೊಂದು ಖಾನೆ ಇಡೋಣ ಎಂದು ನಾನು ಸೂಚಿಸಿದೆ. ಪ್ರೊಫೆಸರ್ ಒಪ್ಪಿದರು. ಹಾಗೆ ಬರೆದರೆ ಜನರಿಗೆ ಏನು ಹೇಳುವುದು ಎಂದು ಮೇಲಿನವರು ಕೇಳಿದರು. ಖಾನೆ ಬರಲಿಲ್ಲ.

ಮೂರನೆಯ ಚಳಿಗಾಲ ಎಲ್ಲವೂ ಸರಿಯಾಗಿ ನಡೆಯಿತು. ಜೆಸಿಬಿಗಳು ಹೊತ್ತಿಗೆ ಬಂದವು, ಕಾಲುವೆ ತೆರೆಯಿತು. ಸಪ್ಪೊರೊದಿಂದ ಇಬ್ಬರು ಬಂದು ಹನ್ನೊಂದು ತೂತು ಕೊರೆದರು. ಮಾರ್ಚ್‌ನಲ್ಲಿ ಮಂಜುಗಡ್ಡೆ ಸದ್ದಿಲ್ಲದೆ ಹೊರಟು ಸಮುದ್ರಕ್ಕೆ ಹೋಯಿತು. ಪುರಸಭೆಯವರು ಸಂತೋಷಪಟ್ಟರು. ತಿರುವಿನಲ್ಲಿ ಅಜ್ಜನ ಮನೆ ಇರಲಿಲ್ಲ, ಬೇಸಿಗೆಯಲ್ಲಿಯೇ ಕೆಡವಿದ್ದರು. ಹಿಂದಿನ ವರ್ಷ ಇಷ್ಟೇ ಮಾಡಿದ್ದರೆ ಸಾಕಿತ್ತು ಎಂಬುದು ನನ್ನ ತಲೆಯಲ್ಲಿ ಕೂತು ಹೋಗಲೇ ಇಲ್ಲ. ನಾನು ಕೆಲಸ ಬಿಡುತ್ತೇನೆ ಎಂದು ಬರೆದುಕೊಟ್ಟೆ.

ಹೊರಡುವ ಮುಂಚೆ ಅಜ್ಜನನ್ನು ನೋಡಲು ಹೋದೆ. ದೂರದ ಪಟ್ಟಣದಲ್ಲಿ ತನ್ನ ಮಗಳ ಅಪಾರ್ಟ್‌ಮೆಂಟಿನಲ್ಲಿದ್ದ, ಮೂರನೆಯ ಮಹಡಿಯಲ್ಲಿ. ಮಗಳು ಬಾಗಿಲನ್ನು ಅರ್ಧ ತೆರೆದು, ಸೋಂಕಿನ ಭಯಕ್ಕೆ ಒಳಗೆ ಕರೆಯಲಾಗುತ್ತಿಲ್ಲ ಎಂದು ಕ್ಷಮೆ ಕೇಳಿದಳು. ಅಜ್ಜ ಬಂದು ಹೊಸ್ತಿಲಲ್ಲಿ ನಿಂತ. ಬೆನ್ನು ಬಾಗಿತ್ತು. ಹತ್ತಿರ ಹೋಗಬಾರದೆಂದು ನಾನು ಮೆಟ್ಟಿಲ ಬಳಿಯೇ ನಿಂತೆ.

"ಊರಿಗೆ ಹೋಗ್ತೀಯಾ?" ಎಂದ.

"ಕಾವಾಸಾಕಿಗೆ. ಮಗಳ ಹತ್ತಿರ."

"ಒಳ್ಳೇದು. ಮಗಳ ಹತ್ತಿರ ಇರು." ಅಷ್ಟು ಹೇಳಿ ಏನೋ ಯೋಚಿಸುವವನ ಹಾಗೆ ನಿಂತ. "ಇಲ್ಲಿ ಏನೂ ಕೇಳಿಸಲ್ಲ. ಕಿಟಕಿಗೆಲ್ಲ ಡಬ್ಬಲ್ ಗಾಜು ಹಾಕಿದ್ದಾರೆ" ಎಂದ.

ನಾನು ಮತ್ತೊಮ್ಮೆ ತಪ್ಪಾಯಿತು ಎನ್ನಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮಗಳು ಅವನ ತೋಳು ಹಿಡಿದು, ತಣ್ಣನೆಯ ಗಾಳಿ, ಒಳಗೆ ಬಾ ಅಪ್ಪ ಎಂದಳು. ಅಜ್ಜ ನನ್ನ ಕಡೆಗೆ ತಲೆ ಬಗ್ಗಿಸಿದ. ನಾನೂ ಬಗ್ಗಿಸಿದೆ. ತಲೆ ಎತ್ತುವ ಹೊತ್ತಿಗೆ ಬಾಗಿಲು ಮುಚ್ಚಿತ್ತು.